ಕಾಗೆ ಸುದ್ದಿ

ಅಂಗೈ ಕೆಳಗೆ ಫೋನು ನಡುಗುತ್ತಲೇ ಇತ್ತು. ಸಿದ್ದಲಿಂಗೇಶ್ ಅದನ್ನು ಬೋರಲು ಹಾಕಿ, ಮೇಲೆ ಕೈಯೊತ್ತಿ, ಕಡೂರಿನ ಮಾರುಕಟ್ಟೆ ಯಾರ್ಡಿನಲ್ಲಿರುವ ತನ್ನ ತೆಂಗಿನಕಾಯಿ ಮಂಡಿಯಲ್ಲಿ ಕೂತಿದ್ದ. ಹೊರಗೆ ಲಾರಿಯಿಂದ ಕಾಯಿ ಉರುಳಿಸುವ ಸದ್ದು ಆಗಷ್ಟೇ ನಿಂತಿತ್ತು. ಕೈ ತೆಗೆದರೆ ಏನು ಕಾಣುತ್ತದೆಂದು ಅವನಿಗೆ ಗೊತ್ತಿತ್ತು. ಹೆಂಡತಿ ವಿಮಲಳ ಫೋಟೋ, ಅದರ ಕೆಳಗೆ ‘ಓಂ ಶಾಂತಿ’, ಅದರ ಕೆಳಗೆ ಇನ್ನೊಂದು ‘ಓಂ ಶಾಂತಿ’, ಮುಗಿದ ಕೈಗಳು, ಹಳದಿ ಅಳುಮುಖಗಳು. ವಿಮಲ ಸತ್ತಿರಲಿಲ್ಲ. ವಚನ ಹಾಡುವ ಸಂಘವಾದ ‘ಅಕ್ಕನ ಬಳಗ’ದ ಹೆಂಗಸರ ಜೊತೆ ಟಿಟಿ ಗಾಡಿಯಲ್ಲಿ ಕೆಮ್ಮಣ್ಣುಗುಂಡಿಗೆ ಹೋಗಿದ್ದಳು; ಅಲ್ಲಿಂದ ಜೀಪಿನಲ್ಲಿ ಹೆಬ್ಬೆ ಜಲಪಾತಕ್ಕೆ ಹೋಗುವುದಿತ್ತು. ಬೆಳಿಗ್ಗೆ ಅವಳನ್ನು ಗಾಡಿ ಹತ್ತಿಸಿ ಬಂದವನು ಅವನೇ. ಅವಳು ಸತ್ತಳೆಂದು ಹೇಳಿದವನೂ ಅವನೇ. ಒಬ್ಬರಿಗೆ ಹೇಳಿದ್ದ. ಒಬ್ಬರಿಗೇ ಹೇಳಿದ್ದೆನೆಂದು ಈಗ ಯಾರ ಮುಂದೆ ಹೇಳಿಕೊಳ್ಳುವುದು?

ಕಾಗೆ ಅವಳ ತಲೆ ಮುಟ್ಟಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕಾಣದೇ ಇದ್ದಿದ್ದರೆ ಇವತ್ತು ಎಲ್ಲ ದಿನಗಳ ಹಾಗೆ ಕಳೆದುಹೋಗುತ್ತಿತ್ತು. ಮಹಡಿಯ ಮೇಲೆ ಹಲ್ಲುಜ್ಜುತ್ತ ನಿಂತಿದ್ದ. ವಿಮಲ ಟೂರಿನ ಅವಸರದಲ್ಲಿ ಒದ್ದೆ ಸೀರೆ ಹರವುತ್ತಿದ್ದಳು. ನೀರಿನ ಟ್ಯಾಂಕಿನ ಕಡೆಯಿಂದ ಬಂದ ಕಾಗೆ ಅವಳ ನೆತ್ತಿಗೆ ಕಾಲೂರಿ, ರೆಕ್ಕೆ ಬಡಿದು, ಎದ್ದು ಹೋಯಿತು. ಕೂದಲು ಕೆದರಿತು, ಅಷ್ಟೇ. ವಿಮಲ ಕೈ ಬೀಸಿ ನಕ್ಕಳು. ಅವನ ಬಾಯಲ್ಲಿ ಪೇಸ್ಟಿನ ನೊರೆ ಹಾಗೇ ನಿಂತಿತು.

“ತಲೆಗೆ ನೀರು ಹಾಕ್ಕೊಂಬಿಡು,” ಎಂದ.

“ಈಗ್ತಾನೇ ಹಾಕ್ಕೊಂಡಿದೀನಿ. ಗಾಡಿ ಬರೋ ಹೊತ್ತಾಯ್ತು.”

“ಕಾಗೆ ಮುಟ್ಟಿದ್ರೆ ಒಳ್ಳೇದಲ್ಲ ಕಣೇ. ಅಜ್ಜಂಪುರಕ್ಕೆ ಸುದ್ದಿ ಕಳಿಸ್ಬೇಕು.”

“ಏನಂತ? ನಾನು ಸತ್ತೋದೆ ಅಂತಾನಾ?” ಅವಳಿಗೆ ನಗು ತಡೆಯಲಾಗಲಿಲ್ಲ. “ಅದೆಲ್ಲಾ ಅತ್ತೆ ಕಾಲಕ್ಕೇ ಮುಗೀತು ಅಂದ್ಕೊಂಡಿದ್ದೆ. ಲಿಂಗ ಕಟ್ಕೊಂಡೋರಿಗೆ ಎಂಥ ಕಾಗೆ ಕಣ್ರೀ! ಕಳಿಸೋದಾದ್ರೆ ಕಳಿಸ್ಕೊಳಿ. ನೀವುಂಟು, ನಿಮ್ಮ ಕಾಗೆ ಉಂಟು.”

ಆ ಮಾತಿನಲ್ಲಿ ಅಪ್ಪಣೆಯೂ ಇತ್ತು, ಗೇಲಿಯೂ ಇತ್ತು. ಮದುವೆಯಾದಾಗಿನಿಂದ ಅವಳು ಅವನಿಗೆ ಎರಡನ್ನೂ ಒಟ್ಟಿಗೇ ಬಡಿಸುತ್ತ ಬಂದಿದ್ದಾಳೆ. ಗಾಡಿ ಹತ್ತುವಾಗ ಕಿಟಕಿಯಿಂದ ಕೈ ಬೀಸಿದಳು, ಅವನ ಕಣ್ಣು ಮಾತ್ರ ಅವಳ ನೆತ್ತಿಯ ಮೇಲೆ, ಬೈತಲೆಯ ಪಕ್ಕದಲ್ಲಿ ಇನ್ನೂ ಎದ್ದು ನಿಂತಿದ್ದ ಒಂದೆಳೆ ಕೂದಲಿನ ಮೇಲೆ ನೆಟ್ಟಿತ್ತು. ತಲೆಗೆ ನೀರು ಹಾಕಿಕೊಳ್ಳದೆಯೇ ಹೊರಟಳು.

ಹಿಂದೆ ಇಂಥದ್ದಕ್ಕೆಲ್ಲ ಅಜ್ಜಂಪುರದ ಲಕ್ಕಣ್ಣ ಇದ್ದ. ಸಾವಿನ ಸುದ್ದಿಯನ್ನು ಊರಿಂದೂರಿಗೆ ಒಯ್ಯುವುದು ಅವನ ಮನೆತನಕ್ಕೆ ಬಿದ್ದ ಕೆಲಸ. ಸಾವಿನ ಸುದ್ದಿ ತಂದವನನ್ನು ಯಾರೂ ಒಳಗೆ ಕರೆಯುತ್ತಿರಲಿಲ್ಲ. ಹಾಗೆ ನೋಡಿದರೆ ಬೇರೆ ಸುದ್ದಿ ತಂದಿದ್ದರೂ ಲಕ್ಕಣ್ಣನನ್ನು ಕರೆಯುತ್ತಿರಲಿಲ್ಲ. ಅವನು ಜಗಲಿಯ ತುದಿಯಲ್ಲಿ ಕೂತು, ಟವೆಲಿನಿಂದ ಮುಖ ಒರೆಸಿಕೊಂಡು, ಹೇಳಬೇಕಾದ್ದನ್ನು ಹೇಳುತ್ತಿದ್ದ. ಒಮ್ಮೆ ಸಿದ್ದಲಿಂಗೇಶ ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ, ಅವನ ಸೋದರಮಾವನಿಗೆ ಕಣದಲ್ಲಿ ಕಾಗೆ ಮುಟ್ಟಿತ್ತು. ವಿಮಲಳ ಅಪ್ಪ ಅವರು. ಲಕ್ಕಣ್ಣ ಕಡೂರಿಗೆ ಬಂದು “ಅಣ್ಣಾವ್ರು ಹೋಗ್ಬಿಟ್ರು ಕಣವ್ವಾ” ಎಂದಾಗ ಅಮ್ಮನ ಕೈಯಿಂದ ಅಕ್ಕಿಯ ಮೊರ ಜಾರಿತು. ಅವಳು ಎದೆ ಬಡಿದುಕೊಂಡು ಅತ್ತ ರೀತಿಗೆ ಮನೆಯ ಹಸು ಕೂಡ ಮೇವು ಬಿಟ್ಟು ಕಿವಿ ನಿಮಿರಿಸಿತ್ತು. ಲಕ್ಕಣ್ಣ ತುಟಿ ಬಿಚ್ಚದೆ ಅಮ್ಮನ ಕಣ್ಣನ್ನೇ ನೋಡುತ್ತಿದ್ದ. ಕೇಳಿದವರ ಕಣ್ಣೀರು ನೆಲಕ್ಕೆ ಬೀಳಬೇಕು, ಅದೂ ಕರುಳಿಗೆ ಹತ್ತಿದವರ ಕಣ್ಣೀರು. ಆಗ ಕಾಗೆಯ ದೋಷ ಕಳೆಯಿತು. ಬಿದ್ದದ್ದು ಕಂಡ ಮೇಲೆ ಅವನು ಗಂಟಲು ಸರಿಮಾಡಿಕೊಂಡು, “ಒಂದ್ ಲೋಟ ಮಜ್ಜಿಗೆ ಕೊಡವ್ವಾ” ಎಂದ. ನಿಜವಾದ ಸಾವಾದರೆ ಲಕ್ಕಣ್ಣ ಹನಿ ನೀರೂ ಮುಟ್ಟುವವನಲ್ಲ. ಮಜ್ಜಿಗೆ ಕೇಳಿದನೆಂದರೆ ಸುದ್ದಿ ಸುಳ್ಳು. ಅಮ್ಮ ನಗುತ್ತ, ಅಳುತ್ತ, ಪೊರಕೆ ಹಿಡಿದು ಅವನನ್ನು ಅಂಗಳದ ತುಂಬ ಅಟ್ಟಿಸಿಕೊಂಡು ಹೋದಳು. ಎಲ್ಲರೂ ನಕ್ಕರು. ಸಿದ್ದಲಿಂಗೇಶ ಮಾತ್ರ ಕಂಬ ತಬ್ಬಿಕೊಂಡೇ ನಿಂತಿದ್ದ. ಕಣ್ಣೀರಿಗೂ ಮಜ್ಜಿಗೆಗೂ ನಡುವೆ ಮಾವ ನಿಜವಾಗಿಯೂ ಸತ್ತಿದ್ದರು. ದೊಡ್ಡವರು ಅದನ್ನು ಹೇಗೆ ಅಷ್ಟು ಬೇಗ ಮರೆತರೆಂಬುದು ಅವನಿಗೆ ಈಗಲೂ ಅರ್ಥವಾಗಿಲ್ಲ.

ಲಕ್ಕಣ್ಣ ಹೋಗಿ ಕಾಲವಾಯಿತು. ಅವನ ಮೊಮ್ಮಕ್ಕಳು ಓದಿಕೊಂಡು ಊರು ಬಿಟ್ಟಿದ್ದಾರೆ, ಬಿಟ್ಟದ್ದು ಒಳ್ಳೆಯದೇ ಆಯಿತು. ಮಂಡಿಗೆ ಬಂದು ಶಟರ್ ಎತ್ತಿದ ಮೇಲೆ ಸಿದ್ದಲಿಂಗೇಶ್ ಅಜ್ಜಂಪುರದ ದಾಕ್ಷಾಯಣಮ್ಮನ ನಂಬರಿಗೆ, ವಿಮಲಳ ಅಕ್ಕನ ನಂಬರಿಗೆ, ಒಂದೇ ಸಾಲು ಒತ್ತಿದ: ‘ವಿಮಲ ತೀರಿಕೊಂಡಳು.’ ಫೋನ್ ಮಾಡಿ ಬಾಯಲ್ಲಿ ಹೇಳುವ ಧೈರ್ಯ ಇರಲಿಲ್ಲ. ಬೆರಳಿಗೆ ಮಾತ್ರ ಯಾವ ಅಂಜಿಕೆಯೂ ಇರಲಿಲ್ಲ. ‘ತೀ’ ಎಂದು ಒತ್ತುವಷ್ಟರಲ್ಲಿ ಫೋನೇ ‘ತೀರಿಕೊಂಡಳು’ ಎಂದು ಪೂರ್ತಿ ಮಾಡಿ ಮುಂದಿಟ್ಟಿತು. ಅಕ್ಕ ಓದುತ್ತಾಳೆ, ಅಳುತ್ತಾಳೆ, ತಾನು ಕಾಫಿ ಕುಡಿದು ಫೋನ್ ಮಾಡಿ ಕಾಗೆ ಎಂದು ಹೇಳುತ್ತೇನೆ, ಅಕ್ಕ ಬಯ್ಯುತ್ತಾಳೆ, ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಲಾರಿ ಬಂತು. ಕಾಯಿ ಇಳಿಸುವವರ ಜೊತೆ ಜಗಳವಾಯಿತು. ಫೋನು ಗಲ್ಲಾದೊಳಗೆ ಉಳಿಯಿತು.

ಅಕ್ಕನ ಹೆಸರಿನಲ್ಲಿದ್ದ ಆ ನಂಬರಿನ ಫೋನು ಎಂದೋ ಅವಳ ಸೊಸೆ ಸಂಗೀತಾಳ ಕೈಸೇರಿದೆಯೆಂಬುದು ಅವನಿಗೆ ಹೊಳೆದಿರಲಿಲ್ಲ. ಸಂಗೀತಾ ಓದಿದವಳೇ ಬಂಧುಗಳ ಗ್ರೂಪಿಗೆ ಹಾಕಿದ್ದಳು. ಗ್ರೂಪಿನಿಂದ ಅದು ಅಕ್ಕನ ಬಳಗಕ್ಕೆ, ಯಾರ್ಡಿನ ವರ್ತಕರ ಬಳಗಕ್ಕೆ, ಯಾವುದೋ ಮಠದ ಭಕ್ತರ ಬಳಗಕ್ಕೆ ಹೋಗಿತ್ತು. ಜನ ಸ್ಟೇಟಸ್ಸಿಗೆ ಫೋಟೋ ಹಾಕಿ ಹಿಂದೆ ಯಾವುದೋ ಹಾಡು ಸೇರಿಸಿದ್ದರು. ಫೋಟೋ ಯಾರದೋ ಗೃಹಪ್ರವೇಶದ್ದು. ಅದರಲ್ಲಿ ವಿಮಲಳ ಪಕ್ಕ ಅವನು ನಿಂತಿದ್ದ. ಅವನನ್ನು ಕತ್ತರಿಸಿ ತೆಗೆದಿದ್ದರು. ಅವಳ ಹೆಗಲ ಮೇಲೆ ಅವನ ಬೆರಳುಗಳು ಮಾತ್ರ ಉಳಿದಿದ್ದವು. ಯಾರ ಬೆರಳೆಂದು ಯಾರೂ ಕೇಳುವಂತಿರಲಿಲ್ಲ.

ಅಂಗೈ ಎತ್ತಿ, ಮೊದಲು ಮಾಡಿದ್ದು ಸಂಗೀತಾಳಿಗೆ ಫೋನು.

“ಅಕ್ಕಂಗೆ ಕೊಡಮ್ಮ,” ಎಂದ.

“ಅತ್ತೆಗೆ ಇನ್ನೂ ಹೇಳಿಲ್ಲ ಮಾವ,” ಸಂಗೀತಾ ದನಿ ತಗ್ಗಿಸಿದಳು. “ಬಿಪಿ ಜಾಸ್ತಿ ಅಲ್ವಾ? ಗಾಬರಿ ಆಗೋ ಸುದ್ದಿ ಏನೂ ಹೇಳ್ಬೇಡಿ ಅಂದವ್ರೆ ಡಾಕ್ಟ್ರು. ಮನೇಲಿ ಎಲ್ರಿಗೂ ಹೇಳಿದೀನಿ, ಅತ್ತೆ ಮುಂದೆ ಯಾರೂ ಬಾಯಿ ಬಿಡ್ಬೇಡಿ ಅಂತ.”

“ವಿಮಲ ಸತ್ತಿಲ್ಲ ಕಣಮ್ಮ. ಕಾಗೆ ಮುಟ್ಟಿತ್ತು, ಅದಕ್ಕೇ... ಅದು ಸುಳ್ಳು.”

 ಆ ಕಡೆ ಅವಳು ಯಾರಿಗೋ, ಫೋನಿಗೆ ಕೈ ಅಡ್ಡ ಹಿಡಿದು, “ಪಾಪ, ಮಾವ ಏನೇನೋ ಮಾತಾಡ್ತಿದಾರೆ” ಎಂದದ್ದು ಕೇಳಿಸಿತು. “ಧೈರ್ಯ ತಂದ್ಕೊಳಿ ಮಾವ. ನಾವೆಲ್ಲ ಇದೀವಿ.”

“ಸಂಗೀತಾ, ನಿಂಗೆ ಕಣ್ಣಲ್ಲಿ ನೀರು ಬಂತೇನಮ್ಮ?”

“ಮಾವ?”

“ಓದ್ದಾಗ. ಓದ್ದ ತಕ್ಷಣ. ಬಂತಾ?”

“ತುಂಬಾ ಬೇಜಾರಾಯ್ತು ಮಾವ,” ಎಂದು ಸಂಗೀತಾ, ಪಾಪ, ಹೆದರಿ ಫೋನಿಟ್ಟಳು.

ಆ ಪ್ರಶ್ನೆ ಬಾಯಿಂದ ಬಿದ್ದ ಮೇಲೆಯೇ ಅವನಿಗೆ ತನ್ನ ಭಯದ ಮುಖ ಕಂಡದ್ದು. ಸುಳ್ಳು ಸುದ್ದಿ ಹಬ್ಬಿದ್ದಕ್ಕೆ ನಾಚಿಕೆಯಿತ್ತು, ನಾಳೆ ಯಾರ್ಡಿನಲ್ಲಿ ತಲೆಯೆತ್ತುವುದು ಹೇಗೆಂಬ ಸಂಕಟವಿತ್ತು, ಭಯ ಬೇರೆಯದಿತ್ತು. ವಿಮಲ ಸತ್ತಳೆಂದು ಇಷ್ಟು ಜನಕ್ಕೆ ಗೊತ್ತಾಗಿದೆ, ಯಾರೊಬ್ಬರೂ ಅತ್ತಿಲ್ಲ. ಮಕ್ಕಳಾಗಲಿಲ್ಲ ಅವರಿಗೆ. ಅಪ್ಪ ಅಮ್ಮ ಇಲ್ಲ. ಅವಳಿಗಾಗಿ ಅಳಬಲ್ಲ ಜೀವ ಒಂದೇ ಒಂದು, ಅಜ್ಜಂಪುರದ ಅಕ್ಕ. ಅವಳಿಗೆ ಸುದ್ದಿ ತಲುಪದಂತೆ ಎಲ್ಲರೂ ಸೇರಿ ಕಾಯುತ್ತಿದ್ದಾರೆ. ಸುದ್ದಿ ಹೊರಟಾಗಿದೆ, ಕಣ್ಣೀರು ಬಿದ್ದಿಲ್ಲ. ಹಾಗಾದರೆ ಆ ಸಾವು ಈಗ ಎಲ್ಲಿದೆ? ಮಜ್ಜಿಗೆ ಕೇಳುವ ಗಳಿಗೆಯೇ ಬಾರದೆ ವಿಮಲ ಆ ನಡುವಿನ ಹೊತ್ತಿನಲ್ಲಿ ಸಿಕ್ಕಿಕೊಂಡಿದ್ದಾಳೆಂದು ಅವನಿಗನಿಸಿತು. ಬಿ.ಕಾಂ. ಓದಿದ ನಾನು ಇದನ್ನೆಲ್ಲ ನಂಬುತ್ತೇನೆಯೇ ಎಂದು ಕೇಳಿಕೊಂಡ. ನಂಬುವುದಿಲ್ಲ ಎಂದು ಹೇಳಿಕೊಳ್ಳಲಾಗಲಿಲ್ಲ.

ಅವಳ ನಂಬರಿಗೆ ಒತ್ತಿದ. ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಒಬ್ಬಳು, ಎಲ್ಲ ದಿನ ಹೇಳುವಷ್ಟೇ ತಣ್ಣಗೆ, ಹೇಳಿದಳು. ಹೆಬ್ಬೆಯ ಕಾಡಿನಲ್ಲಿ ಸಿಗ್ನಲ್ ಇಲ್ಲ, ಅದು ಲೋಕಕ್ಕೆಲ್ಲ ಗೊತ್ತು. ಮತ್ತೆ ಒತ್ತಿದ. ಮತ್ತೆ ಅವಳೇ.

ಬಂಧುಗಳ ಗ್ರೂಪು ಕಟ್ಟಿದ ಜಯದೇವಪ್ಪ ಮೇಷ್ಟರಿಗೆ ಎಲ್ಲ ಬಿಡಿಸಿ ಹೇಳಿದ. ಅವರೊಬ್ಬರು ನಂಬಿದರು. “ಎಂಥ ಕೆಲಸ ಮಾಡ್ದೆ ಮಾರಾಯ,” ಎಂದು ಬೈದು, ಸುದ್ದಿ ಸುಳ್ಳು, ಯಾರೂ ಗಾಬರಿಯಾಗಬಾರದು ಎಂದು ಹಾಕಿದರು. ಅದರ ಕೆಳಗೂ ಮುಗಿದ ಕೈಗಳು ಬಂದವು. ಸತ್ತದ್ದಕ್ಕೂ ಅದೇ ಕೈ, ಸಾಯದೆ ಇದ್ದದ್ದಕ್ಕೂ ಅದೇ ಕೈ. ಆಮೇಲೆ ಬಂದವರು ಮೇಷ್ಟರ ಸಾಲನ್ನು ದಾಟಿ, ಮೇಲಿನ ಫೋಟೋ ಮಾತ್ರ ನೋಡಿ, ಮತ್ತೆ ‘ಓಂ ಶಾಂತಿ’ ಒತ್ತಿದರು. ‘ಸಜ್ಜನಿಕೆಯ ಮೂರ್ತಿ’ ಎಂದಿದ್ದ ಒಬ್ಬ. ‘ತುಂಬಲಾರದ ನಷ್ಟ’ ಎಂದಿದ್ದ ಇನ್ನೊಬ್ಬ. ಯಾರು ಏನು ಹಾಕಿದ್ದಾರೆಂದು ಓದುತ್ತ, ಯಾರ್ಡಿನಲ್ಲಿ ಅವನ ಕಡೆ ತಿರುಗಿಯೂ ನೋಡದ ದೊಡ್ಡ ವರ್ತಕನೊಬ್ಬ ‘ನಿಮ್ಮ ದುಃಖದಲ್ಲಿ ನಾನೂ ಭಾಗಿ’ ಎಂದದ್ದನ್ನು ಎರಡನೆಯ ಸಲ ಓದುತ್ತಿದ್ದೇನೆಂದು ಅವನಿಗೆ ತಟ್ಟನೆ ಅರಿವಾಯಿತು. ಒಳಗೆಲ್ಲೋ ಒಂದು ಚೂರು ಹಿತವಾಗಿತ್ತು. ಜೊತೆಗೆ, ಕರೆಯದೇ ಬಂದ ಇನ್ನೊಂದು ಚಿತ್ರ: ಸಂಜೆ ಮನೆ, ಟಿವಿ ಆರಿದೆ, ಯಾರೂ ಏನೂ ಅನ್ನುತ್ತಿಲ್ಲ. ಎಷ್ಟು ನೆಮ್ಮದಿ. ಅವನು ಕುರ್ಚಿಯಿಂದ ಎದ್ದುನಿಂತ. ಕಾಗೆಗಿಂತ ದೊಡ್ಡ ದೋಷ ಈಗ ಇಲ್ಲಿ, ಈ ತಲೆಯೊಳಗೆ ಕೂತುಬಿಟ್ಟಿತ್ತು. ಅದನ್ನು ಯಾರಾದರೂ ಕಂಡುಬಿಡುತ್ತಾರೆಂದು ಸುತ್ತ ನೋಡಿದ. ಕಾಯಿ ಇಳಿಸುವವನೊಬ್ಬ ಚೀಲ ಮಡಿಸುತ್ತ ಅವನನ್ನೇ ನೋಡುತ್ತಿದ್ದ.

ಫ್ಲೆಕ್ಸ್ ಅಂಗಡಿಯ ತಿಪ್ಪೇಶ್ ಕಳಿಸಿದ್ದು ಆಗಲೇ. ಮಲ್ಲಿಗೆ ಹಾರದ ಅಂಚು, ಎರಡು ಕಡೆ ದೀಪ, ನಡುವೆ ವಿಮಲ. ಹೆಗಲ ಮೇಲಿನ ಬೆರಳುಗಳನ್ನು ತಿಪ್ಪೇಶ್ ಜಾಣತನದಿಂದ ಅಳಿಸಿ ಅಲ್ಲಿ ಸೀರೆಯ ಬಣ್ಣ ತುಂಬಿದ್ದ. ಕೆಳಗೆ ‘ಮರಣ’ ಎಂದು ಬರೆದು ಪಕ್ಕದಲ್ಲಿ ಇವತ್ತಿನ ತಾರೀಖು. ‘ಅಣ್ಣಾ ಹುಟ್ಟಿದ ತಾರೀಖು ಹೇಳಿ, ಪ್ರಿಂಟಿಗೆ ಬಿಡ್ತೀನಿ. ಯಾರೋ ಫೋಟೋ ಕಳಿಸಿದ್ರು, ನೀವು ಹೇಳೋಕೆ ಮುಂಚೇನೇ ರೆಡಿ ಮಾಡಿದೀನಿ.’ ಇವತ್ತಿನ ತಾರೀಖು ಅವಳ ಹೆಸರಿನ ಪಕ್ಕದಲ್ಲಿ ಎಷ್ಟು ಹೊಂದಿಕೊಂಡು ಕೂತಿತ್ತೆಂದರೆ, ಅದು ಮೊದಲಿನಿಂದಲೂ ಅಲ್ಲೇ ಇತ್ತೇನೋ ಅನಿಸುವಂತಿತ್ತು. ಹುಟ್ಟಿದ ತಾರೀಖು ಮಾತ್ರ ಖಾಲಿ. ಸಿದ್ದಲಿಂಗೇಶ್ ‘ಬೇಡ’ ಎಂದು ಒತ್ತಿದ. ‘ಆಯ್ತು ಅಣ್ಣಾ, ಆಧಾರ್ ನೋಡಿ ಆಮೇಲೆ ಕಳಿಸಿ’ ಎಂದು ತಿಪ್ಪೇಶ್ ಉತ್ತರಿಸಿದ.

ಓಂಕಾರೇಶ್ ಓಡಿಕೊಂಡೇ ಬಂದ. ಪಕ್ಕದ ಬೀದಿಯವನು, ಅವನ ಹೆಂಡತಿ ಕೋಮಲಾ ಅದೇ ಗಾಡಿಯಲ್ಲಿ ಹೋಗಿದ್ದಾಳೆ. ಮುಖದಲ್ಲಿ ರಕ್ತವಿರಲಿಲ್ಲ.

“ಸಿದ್ದಲಿಂಗಣ್ಣ, ಕೋಮಲಾ ಹೆಂಗವ್ಳೆ? ಬರೀ ನಿಮ್ಮನೆಯೋರ ಹೆಸರು ಹಾಕವ್ರೆ. ಉಳಿದೋರು ಏನಾದ್ರು?”

“ಏನೂ ಆಗಿಲ್ಲ ಕಣೋ. ನಾನೇ...”

“ಏನೂ ಆಗಿಲ್ವಾ? ಇದೇನು ಮತ್ತೆ?” ಓಂಕಾರೇಶ್ ತನ್ನ ಫೋನನ್ನು ಅವನ ಮೂಗಿನ ಹತ್ತಿರ ಹಿಡಿದ.

ಬಿಳಿ ಟಿಟಿ ಗಾಡಿ, ರಸ್ತೆಯ ಕೆಳಗೆ, ಮರಕ್ಕೆ ಒರಗಿ ಮಗುಚಿ ಬಿದ್ದಿತ್ತು. ಸುತ್ತ ಹಸಿರು, ಮಂಜು. ಬಾಗಿಲ ಹತ್ತಿರ ಹೆಂಗಸಿನ ಒಂದು ಚಪ್ಪಲಿ. ‘ಕೆಮ್ಮಣ್ಣುಗುಂಡಿ ಘಾಟಿಯಲ್ಲಿ ಭೀಕರ ಅಪಘಾತ, ಕಡೂರಿನ ಮಹಿಳೆ ಸ್ಥಳದಲ್ಲೇ ಸಾವು.’ ಎಲ್ಲಿಂದ ಬಂದದ್ದೆಂದು ಓಂಕಾರೇಶನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಯಾರೋ ಅವಳು ಟೂರಿಗೆ ಹೋದದ್ದನ್ನು ನೆನೆಸಿ, ಸಾವಿಗೆ ಒಂದು ಕಾರಣ ಹುಡುಕಿ, ಯಾವುದೋ ಘಾಟಿಯ ಯಾವುದೋ ವರ್ಷದ ಚಿತ್ರ ಅಂಟಿಸಿರಬೇಕು. ಇರಬೇಕು. ಸಿದ್ದಲಿಂಗೇಶ್ ಅದನ್ನು ನೋಡುತ್ತ ನಿಂತ. ತಾನು ಬಿಟ್ಟ ಸುಳ್ಳು ಊರೆಲ್ಲ ತಿರುಗಿ, ಗಾಡಿ, ಮರ, ಮಂಜು, ಚಪ್ಪಲಿ ಎಲ್ಲ ಕೂಡಿಸಿಕೊಂಡು, ತನ್ನ ಹತ್ತಿರವೇ ನಿಜವಾಗಿ ವಾಪಸು ಬಂದಿದೆಯೆಂದು ಗೊತ್ತಿತ್ತು. ಗೊತ್ತಿದ್ದೂ ಅವನು ಆ ಚಪ್ಪಲಿಯನ್ನು ಬೆರಳಿಂದ ಹಿಗ್ಗಿಸಿ ನೋಡಿದ. ವಿಮಲ ಬೆಳಿಗ್ಗೆ ಯಾವ ಚಪ್ಪಲಿ ಮೆಟ್ಟಿದ್ದಳು? ಇಷ್ಟು ವರ್ಷ ಜೊತೆಗಿದ್ದವಳ ಕಾಲಿನ ಚಪ್ಪಲಿಯ ಬಣ್ಣ ನೆನಪಾಗಲಿಲ್ಲ. ಅವಳ ತಲೆಯನ್ನೇ ನೋಡಿದ್ದ ಅವನು, ಕಾಲು ನೋಡಿರಲಿಲ್ಲ.

“ಇದು ಹಳೇದಿರ್ಬೇಕು ಕಣೋ,” ಎಂದ. ತನ್ನ ದನಿ ತನಗೇ ನಂಬುವಂತೆ ಕೇಳಿಸಲಿಲ್ಲ.

“ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡಿದ್ದೆ, ಅವ್ರಿಗೂ ಗೊತ್ತಿಲ್ವಂತೆ. ವಿಚಾರಿಸ್ತೀವಿ ಅಂದ್ರು. ನಾನು ಲಿಂಗದಹಳ್ಳಿ ತಂಕ ಹೋಗ್ಬತ್ತೀನಿ. ಬತ್ತೀರಾ?”

ಬರುತ್ತೇನೆಂದ. ಇಬ್ಬರೂ ತಮ್ಮ ತಮ್ಮ ಬೈಕಿನಲ್ಲಿ ಹೊರಟರು. ಬೀರೂರಿನಲ್ಲಿ ದಾರಿ ಒಡೆಯುತ್ತದೆ. ಒಂದು ಲಿಂಗದಹಳ್ಳಿಯ ಕಡೆ, ಬೆಟ್ಟದ ಕಡೆ, ವಿಮಲಳ ಕಡೆ. ಇನ್ನೊಂದು ಅಜ್ಜಂಪುರಕ್ಕೆ. ಓಂಕಾರೇಶ್ ಹಿಂದೆ ನೋಡದೆ ಬೆಟ್ಟದ ದಾರಿ ಹಿಡಿದ. ಸಿದ್ದಲಿಂಗೇಶನ ಕೈಯೂ ಅತ್ತ ತಿರುಗಬೇಕಿತ್ತು. ಯಾವ ಗಂಡನ ಕೈಯಾದರೂ ತಿರುಗುತ್ತಿತ್ತು. ಅಲ್ಲಿಗೆ ಹೋಗಿ ಏನು ಮಾಡುವುದು, ಆದದ್ದು ಆಗಿದ್ದರೆ ನೋಡುವುದು, ಅಷ್ಟೇ. ಆಗದೇ ಇದ್ದರೆ, ಇನ್ನೂ ಆಗದೇ ಇದ್ದರೆ, ಅದನ್ನು ತಡೆಯುವ ಒಂದೇ ಒಂದು ಹನಿ ಇರುವುದು ಅಜ್ಜಂಪುರದಲ್ಲಿ. ಅವನು ಅಜ್ಜಂಪುರಕ್ಕೆ ತಿರುಗಿಸಿದ. ತಿರುಗಿಸಿದ ಮೇಲೆ ನಾಚಿಕೆಯಾಯಿತು, ಗಾಡಿಯ ವೇಗ ಮಾತ್ರ ಕಡಿಮೆಯಾಗಲಿಲ್ಲ. ಅಕ್ಕನ ಬಿಪಿ ನೆನಪಿತ್ತು. ಹೋದ ವರ್ಷ ಅವಳು ಬಚ್ಚಲಲ್ಲಿ ಬಿದ್ದಾಗ ಆಸ್ಪತ್ರೆಗೆ ಹೊತ್ತುಕೊಂಡು ಹೋದವರಲ್ಲಿ ಅವನೂ ಒಬ್ಬ. ಈಗ ಅದೇ ಅಕ್ಕನ ಎದುರು ಹೋಗಿ, ಅವಳ ಎದೆ ಒಡೆಯುವ ಮಾತು ಹೇಳಿ, ಒಡೆಯಿತೋ ಇಲ್ಲವೋ ಎಂದು ಅವಳ ಕಣ್ಣನ್ನೇ ನೋಡುತ್ತ ಕೂರಬೇಕು. ಲಕ್ಕಣ್ಣ ಹಾಗೆ ಕೂರುತ್ತಿದ್ದ. ಅವನಿಗೆ ಒಳಗೆ ಏನಾಗುತ್ತಿತ್ತು? ಯಾರೂ ಕೇಳಿರಲಿಲ್ಲ. ದಾರಿಯುದ್ದಕ್ಕೂ ಹೊಲಗಳಲ್ಲಿ ಈರುಳ್ಳಿ ಕಿತ್ತು ರಾಶಿ ಹಾಕಿದ್ದರು, ಹಸಿ ವಾಸನೆ ಗಾಳಿಯಲ್ಲಿ ಬರುತ್ತಿತ್ತು, ಅಂಗಿಯ ಜೇಬಿನಲ್ಲಿ ಫೋನು ಎದೆಗೆ ತಾಗಿ ಗುದ್ದುತ್ತಲೇ ಇತ್ತು.

ಅಂಗಳದಲ್ಲಿ ದಾಕ್ಷಾಯಣಮ್ಮ ಈರುಳ್ಳಿ ರಾಶಿಯ ಪಕ್ಕ ಮಣೆ ಹಾಕಿಕೊಂಡು ತುದಿ ಕೊಯ್ಯುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಸಿದ್ದಲಿಂಗೇಶನಿಗೆ ಹೋದ ಜೀವ ಬಂತು, ಯಾರೋ ಹೇಳಿಬಿಟ್ಟಿದ್ದಾರೆ, ಅತ್ತಿದ್ದಾಳೆ, ಮುಗಿಯಿತು. ಅವಳು ತಲೆಯೆತ್ತಿ, ತೋಳಿನಿಂದ ಕಣ್ಣೊರೆಸಿಕೊಂಡು, ನಗುತ್ತ, “ಬಾರೋ ಸಿದ್ದ. ಹಾಳು ಈರುಳ್ಳಿ, ಕಣ್ಣೇ ಬಿಡಕ್ಕಾಗಲ್ಲ,” ಎಂದಳು. ಸೋದರಮಾವನ ಮಗಳು; ಚಿಕ್ಕಂದಿನಿಂದ ಅವನು ಅವಳಿಗೆ ಸಿದ್ದನೇ. “ಇದೇನು ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ವಿಮ್ಲಿ ಎಲ್ಲಿ?”

ಒಳಬಾಗಿಲಲ್ಲಿ ಸಂಗೀತಾ ಫೋನ್ ಹಿಡಿದು ನಿಂತಿದ್ದಳು. ಅತ್ತೆಯ ಬೆನ್ನ ಹಿಂದಿನಿಂದ, ಬೇಡ ಬೇಡ ಎಂದು ಕೈಯಾಡಿಸಿದಳು. ಸಿದ್ದಲಿಂಗೇಶ್ ಒಳಗೆ ಹೋಗಲಿಲ್ಲ. ಜಗಲಿಯ ತುದಿಗೆ, ಲಕ್ಕಣ್ಣ ಕೂರುತ್ತಿದ್ದಂಥ ಜಾಗಕ್ಕೆ ಹೋಗಿ ಕೂತ. ಬಾಯಿ ತೆರೆದ. ‘ವಿಮಲ ಹೋಗ್ಬಿಟ್ಲು ಕಣಕ್ಕ’, ಇಷ್ಟೇ ಮಾತು. ಬೆರಳು ಅಷ್ಟು ಸಲೀಸಾಗಿ ಒತ್ತಿದ್ದ ಮಾತು. ಅಕ್ಕ ಅವನ ಮುಖ ನೋಡುತ್ತಿದ್ದಳು. ವಿಮಲಳದೇ ಮೂಗು, ವಿಮಲಳದೇ ಹುಬ್ಬು. ಮಾತಿನ ಬದಲು ಬಿಕ್ಕು ಹೊರಬಂತು. ಮುಖ ಮುಚ್ಚಿಕೊಂಡು ಅತ್ತ. ಮಹಡಿಯ ಮೇಲೆ ನಗುತ್ತ ನಿಂತವಳು, ನೆನಪಾಗದ ಚಪ್ಪಲಿ, ಸಂಜೆಯ ಆ ಹಾಳು ನೆಮ್ಮದಿ, ಎಲ್ಲ ಕೂಡಿ ಬಂದವು. ಬೆರಳ ಸಂದಿಯಿಂದ ಹನಿ ಕೆಳಗಿನ ಕಲ್ಲಿಗೆ ಬೀಳುವುದನ್ನು ಅವನೇ ನೋಡಿದ.

ದಾಕ್ಷಾಯಣಮ್ಮ ಕುಡುಗೋಲು ಕೆಳಗಿಟ್ಟಳು. ಅವನು ಕೂತ ಜಾಗವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

“ವಿಮ್ಲೀಗೆ ಕಾಗೆ ಮುಟ್ತಾ?”

ಅವನು ತಲೆಯಾಡಿಸಿದ.

“ಥೂ ನಿನ್ನ. ಸುದ್ದಿ ತಂದೋನು ಅಳ್ಬಾರ್ದು ಕಣೋ. ಕೇಳ್ದೋರು ಅಳ್ಬೇಕು.” ಅವಳ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯಿತ್ತು. “ಈಗ ನಂಗೆ ಗೊತ್ತಾಗೋಯ್ತಲ್ಲೋ. ಇನ್ನು ಹೆಂಗೋ ಅಳ್ಲಿ ನಾನು?”

ಸಂಗೀತಾ ಕಣ್ಣರಳಿಸಿ, “ಅಂದ್ರೆ ಚಿಕ್ಕತ್ತೆ ನಿಜವಾಗ್ಲೂ ಸತ್ತಿಲ್ವಾ?” ಎಂದಳು.  ಉತ್ತರ ಕೊಡಬಲ್ಲವನು ಒಬ್ಬನೇ ಇದ್ದ, ಅವನಿಗೂ ಗೊತ್ತಿರಲಿಲ್ಲ.

ಆಗ ಫೋನು ಹೊಡೆದುಕೊಂಡಿತು. ತೆರೆಯ ಮೇಲೆ ವಿಮಲಳ ಹೆಸರು, ವಿಮಲಳ ಫೋಟೋ. ಬೆಳಿಗ್ಗೆಯಿಂದ ‘ಓಂ ಶಾಂತಿ’ಯ ಮೇಲೆ ನೋಡುತ್ತ ಬಂದ ಅದೇ ಗೃಹಪ್ರವೇಶದ ಫೋಟೋ. ಕೈ ಮುಂದೆ ಹೋಗಲಿಲ್ಲ. ಎತ್ತಿದರೆ ಅವಳ ದನಿಯೇ ಬರುತ್ತದೆಂದು ಯಾರು ಹೇಳಿದರು? ಬಿದ್ದ ಫೋನನ್ನು ಎತ್ತಿಕೊಂಡ ಯಾವನೋ ಒಬ್ಬ, ಇದರಲ್ಲಿ ‘ನಮ್ಮೋರು’ ಅಂತ ನಿಮ್ಮ ನಂಬರಿತ್ತು ಸಾರ್ ಎನ್ನಬಹುದು.

“ಎತ್ತೋ,” ಎಂದಳು ದಾಕ್ಷಾಯಣಮ್ಮ. ಎತ್ತದಿದ್ದಾಗ ತಾನೇ ಎದ್ದುಬಂದು ಒತ್ತಿದಳು. ಸ್ಪೀಕರಿಗೆ ಹಾಕಿದ್ದು ಸಂಗೀತಾ.

“ರೀ.” ವಿಮಲಳೇ. ನಗುವಿನ ಸುಳಿವಿಲ್ಲದ ದನಿ. “ರೀ, ಕೇಳಿಸ್ತಿದೆಯಾ? ಕಲ್ಲತ್ತಿಗಿರಿ ಹತ್ರ ಇದೀವಿ. ಈಗ ಸಿಗ್ನಲ್ ಬಂತು. ಎಲ್ಲಾರ್ ಫೋನೂ ಒಟ್ಟಿಗೇ ಬಡ್ಕೊಂಡ್ವು.”

“ವಿಮಲಾ...”

“ಎಲ್ಲಾರೂ ನನ್ನ ಫೋಟೋ ಹಾಕವ್ರೆ. ಗಾಡಿ ಮಗುಚ್ಕೊಂಡಿರೋ ಫೋಟೋನೂ ಬಂದಿದೆ. ನಮ್ದೇ ಥರ ಬಿಳಿ ಗಾಡಿ ಕಣ್ರೀ. ಡ್ರೈವರ್ ಅದನ್ನ ನೋಡ್ದೋನು ಗಾಡಿ ಸೈಡಿಗೆ ಹಾಕಿ ಇಳ್ದುಬಿಟ್ಟ. ಘಾಟಿ ಇಳ್ಸಲ್ಲ ಅಂತಿದಾನೆ. ನಾನು ಕಾಗೆ ವಿಷ್ಯ ಹೇಳ್ದೆ. ಹೇಳ್ಬಾರ್ದಿತ್ತು.” ಅವಳು ಉಸಿರು ತೆಗೆದುಕೊಂಡಳು. “ಕೋಮಲಾ ನನ್ ಪಕ್ಕ ಕೂತಿದ್ಲು. ಎದ್ದು ಹಿಂದಕ್ಕೆ ಹೋದ್ಲು. ಯಾರೂ ನನ್ ಪಕ್ಕ ಕೂರ್ತಿಲ್ಲ ಕಣ್ರೀ.”

ಅವಳ ಹಿಂದೆ ಹೆಂಗಸರ ಗುಜುಗುಜು. ಬೆಳಿಗ್ಗೆ ವಚನ ಹೇಳಿಕೊಂಡು ಗಾಡಿ ಹತ್ತಿದವರ ದನಿಗಳು. ಅದರಲ್ಲೊಂದು ದನಿ ಗಟ್ಟಿಯಾಗಿ, ಕೇಳು, ಕೇಳು ಅವ್ರನ್ನ ಎಂದಿತು.

“ಇವ್ರೆಲ್ಲ ಕೇಳ್ತಿದಾರೆ,” ಎಂದಳು ವಿಮಲ. ಲಿಂಗ ಕಟ್ಟಿಕೊಂಡವರಿಗೆ ಎಂಥ ಕಾಗೆ ಎಂದಿದ್ದ ವಿಮಲ. “ನಂಗೂ ಭಯ ಆಗ್ತಿದೆ. ಹೇಳ್ರಿ. ಯಾರಾದ್ರೂ ಅತ್ರಾ?”

ಸಿದ್ದಲಿಂಗೇಶ್ ಅಕ್ಕನ ಮುಖ ನೋಡಿದ. ಈರುಳ್ಳಿಯ ನೀರೂ ಒಣಗಿ, ಕಣ್ಣು ಬರಿದಾಗಿತ್ತು. ಹೂಂ ಎಂದುಬಿಡಬಹುದಿತ್ತು, ಒಂದು ಸುಳ್ಳಿಗೆ ಇನ್ನೊಂದು.   ಘಾಟಿಯ ಯಾವುದೋ ತಿರುವಿನಲ್ಲಿ ಒಂದು ಗಾಡಿಯ ತುಂಬ ಹೆಂಗಸರು ಉಸಿರು ಹಿಡಿದು ಅವನ ಉತ್ತರಕ್ಕೆ ಕಾಯುತ್ತಿದ್ದರು.

ದಾಕ್ಷಾಯಣಮ್ಮ ಫೋನನ್ನು ಅವನ ಕೈಯಿಂದ ಕಿತ್ತುಕೊಂಡಳು. ಅಂಗಳದಲ್ಲಿ ಕಾಲು ನೀಡಿ ಕೂತು, ಅದನ್ನು ಮಡಿಲಲ್ಲಿ ಮಲಗಿಸಿ, ಸೆರಗನ್ನು ತಲೆಗೆಳೆದುಕೊಂಡಳು.

“ಅಯ್ಯೋ ನನ್ ತಂಗೀ,” ಎಂದು ಶುರು ಮಾಡಿದಳು. ದನಿ ಮೊದಲು ಒಣಒಣವಾಗಿತ್ತು, ಕಲಿತದ್ದನ್ನು ನೆನಪು ಮಾಡಿಕೊಂಡು ಒಪ್ಪಿಸುವಂತಿತ್ತು. “ನನ್ ಮಡ್ಲಲ್ಲಿ ಬೆಳ್ದೋಳೇ, ಅವ್ವ ಹೋದ್ಮೇಲೆ ನನ್ ಸೆರಗು ಹಿಡ್ಕೊಂಡು ತಿರುಗ್ದೋಳೇ, ಒಂದ್ ಮಗೂನೂ ಕಾಣ್ದೆ ಹೋದ್ಯಲ್ಲೇ...” ಆ ಮಾತಿಗೆ ಬಂದಾಗ ದನಿ ಮುರಿಯಿತು. ಅದು ಹಾಡಿಗಾಗಿ ಆಡಿದ ಮಾತಾಗಿರಲಿಲ್ಲ. ಇಷ್ಟು ವರ್ಷ ತಂಗಿಯ ಎದುರು ನುಂಗಿಕೊಂಡು ಬಂದ ಮಾತಾಗಿತ್ತು. ಆಮೇಲೆ ಅವಳಿಗೆ ಹಿಡಿತ ಉಳಿಯಲಿಲ್ಲ. ಎದೆ ಬಡಿದುಕೊಂಡಳು. ಕಣ್ಣೀರು ಕೆನ್ನೆಗುಂಟ ಇಳಿದು, ಗದ್ದದಿಂದ ಜಾರಿ, ಫೋನಿನ ಗಾಜಿನ ಮೇಲೆ, ಮಣ್ಣಿನ ಮೇಲೆ ಬಿತ್ತು. ಆ ಕಡೆ ವಿಮಲ “ಅಕ್ಕಾ” ಎಂದಳು, ಒಮ್ಮೆ, ಸಣ್ಣ ಮಗುವಿನ ದನಿಯಲ್ಲಿ.  ತನ್ನ ಸಾವಿಗೆ ಯಾರೋ ಅಳುವುದನ್ನು ಅವಳು ಕೇಳುತ್ತ ಕೂತಿದ್ದಳು. ಬಾಗಿಲಲ್ಲಿ ಸಂಗೀತಾ ಅಭ್ಯಾಸಬಲದಿಂದ ತನ್ನ ಫೋನನ್ನು ಅತ್ತೆಯ ಕಡೆ ಹಿಡಿದು ಎತ್ತಿದ್ದಳು.

“ಅದನ್ನ ಒಳಗಿಡು,” ಎಂದ ಸಿದ್ದಲಿಂಗೇಶ್. ಅವಳು ಬೆಚ್ಚಿ ಇಳಿಸಿದಳು.

ಫೋನಿನಲ್ಲಿ ಯಾರೋ ಹೆಂಗಸು ಡ್ರೈವರಿಗೆ, ಹೂಂ, ಹತ್ತಪ್ಪಾ ಎಂದಳು. ಬಾಗಿಲು ಹಾಕಿಕೊಂಡಿತು. ಗಾಡಿ ಸ್ಟಾರ್ಟ್ ಆಯಿತು. ಗೇರು ಬಿದ್ದ ಸದ್ದು ಬಂತು, ಅದರ ಹಿಂದೆಯೇ ಸಿಗ್ನಲ್ ಹೋಯಿತು. ಅಕ್ಕನ ಮಡಿಲಿನಿಂದ ಫೋನೆತ್ತಿ ಅವನು ಮತ್ತೆ ಒತ್ತಿದರೆ ಅದೇ ತಣ್ಣನೆಯ ಹೆಂಗಸು ವ್ಯಾಪ್ತಿ ಪ್ರದೇಶ ಎಂದಳು.

ದಾಕ್ಷಾಯಣಮ್ಮ ಅಳು ನಿಲ್ಲಿಸಲಿಲ್ಲ. ಫೋನು ಸುಮ್ಮನಾದದ್ದು ಅವಳಿಗೆ ಗೊತ್ತಾಗಿರಲಿಲ್ಲ. ಒಂದು ಕೈ ಎದೆಯನ್ನು ಬಡಿಯುವುದು ಬಿಟ್ಟು ಅದನ್ನೇ ಒತ್ತಿ ಹಿಡಿದಿತ್ತು, ತುಟಿ ಬಿಳಿಚಿಕೊಂಡಿತ್ತು. “ಮಾವ, ಸಾಕು ಅನ್ನಿ ಮಾವ, ಅತ್ತೆಗೆ ಏನಾದ್ರೂ ಆಗ್ಬಿಟ್ಟೀತು,” ಎಂದು ಸಂಗೀತಾ ಅಳುವಂತಾದಳು. ಸಾಕು ಎಂದರೆ ನಿಲ್ಲುವ ಅಳು ಅದಲ್ಲ. ಅದನ್ನು ನಿಲ್ಲಿಸುವ ಮಾತು ಬೇರೆ ಇತ್ತು. ಅದನ್ನಾಡಿದರೆ ಅಕ್ಕ ಉಳಿಯುತ್ತಾಳೆ. ಗಾಡಿ ಊರು ಮುಟ್ಟುವ ಮೊದಲೇ ಆಡಬಹುದೇ ಎಂಬುದು ಅವನಿಗೆ ಗೊತ್ತಿರಲಿಲ್ಲ. ಕೇಳೋಣವೆಂದರೆ ಲಕ್ಕಣ್ಣ ಇರಲಿಲ್ಲ.

“ಸಂಗೀತಾ,” ಎಂದ. ಗಂಟಲು ಸರಿಮಾಡಿಕೊಂಡ. “ಒಂದ್ ಲೋಟ ಮಜ್ಜಿಗೆ ಕೊಡಮ್ಮಾ.”

ದಾಕ್ಷಾಯಣಮ್ಮನ ಅಳು ಆ ಮಾತಿಗೆ ತಡೆದು, ಬಿಕ್ಕಳಿಕೆಯಾಗಿ, ನಿಂತಿತು. ಅವಳು ಸೆರಗು ಸರಿಸಿ ಅವನನ್ನು ನೋಡಿದಳು. ನಗಲಿಲ್ಲ. ಪೊರಕೆಯನ್ನೂ ಹುಡುಕಲಿಲ್ಲ. ಸಂಗೀತಾ ಓಡಿಹೋಗಿ ಮಜ್ಜಿಗೆ ತಂದಳು. ಸಿದ್ದಲಿಂಗೇಶ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಪಕ್ಕದಲ್ಲಿ ಫೋನಿಟ್ಟುಕೊಂಡು, ಜಗಲಿಯ ತುದಿಯಲ್ಲಿ ಕೂತ. ಅಕ್ಕ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಕುಡಿಯಲಿಲ್ಲ. ಗಾಡಿ ಇನ್ನೂ ಘಾಟಿಯಲ್ಲಿತ್ತು.